ನಡುಗಡ್ಡೆಯ ಹಕ್ಕಿಪಟ್ಟಿಯೂ ಕನ್ನಡದ ಕಿವಿಯೂ

೧

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರವು ೨೦೨೨ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ತುಂಬಿ ಕೋಡಿ ಬಿದ್ದಾಗ ಜಿಲ್ಲೆಯ ಜನರೆಲ್ಲರ ಬಾಯಲ್ಲಿ ಒಂದೇ ಮಾತು ಇದ್ದಿತು: ೧೯೩೩ರ ತರುವಾಯ ೮೯ ವರ್ಷಗಳ ಮೇಲೆ ಈ ಕೋಡಿ ಹರಿಯಿತು ಎಂಬುದೇ ಆ ಮಾತು. ಅಷ್ಟು ನಿಶ್ಚಯವಾಗಿ ಹೀಗೆ ಹೇಳಲು ಸಾಧ್ಯವಾದುದು ಹೇಗೆ? ೧೯೩೩ರ ಕೋಡಿಯನ್ನು ಕಣ್ಣಾರೆ ಕಂಡು ನೆನಪಿನಲ್ಲಿಟ್ಟುಕೊಂಡವರು ಬೆರಳೆಣಿಕೆಗೂ ಸಿಕ್ಕುವುದು ಕಷ್ಟ. ಆದರೆ ನೀರಿನ ಮಟ್ಟವನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇದ್ದಿತು. ಯಾವ ರಸವೂ ಇಲ್ಲದ ಆ ಅಂಕಿಯೇ ಎಂಟು ದಶಕಗಳು ಕಳೆದ ಮೇಲೆ ಸಾವಿರಾರು ಜನರ ಸಂತೋಷಕ್ಕೆ ಅರ್ಥವನ್ನು ಕೊಟ್ಟಿತು. ಅಂಕಿ ಇರದಿದ್ದಲ್ಲಿ ಅದು ಕೇವಲ ಒಂದು ಒಳ್ಳೆಯ ಮಳೆಗಾಲವಾಗಿ ಮರೆತುಹೋಗುತ್ತಿದ್ದಿತು.

ಆ ೧೯೩೩ರಲ್ಲಿಯೇ, ಹಿನ್ನೀರು ಹೊಸದುರ್ಗದ ಕಡೆಗೆ ಚಾಚಿಕೊಂಡಾಗ, ಆ ಹೊಸ ಅಂಚಿನಲ್ಲಿ ಬಂದಿಳಿದ ಹಕ್ಕಿಗಳು ಯಾವುವು, ನೀರಿನ ನಡುವೆ ಉಳಿದ ತಿಟ್ಟುಗಳ ಜಾಲಿಮರಗಳಲ್ಲಿ ಗೂಡು ಕಟ್ಟಿದುವು ಯಾವುವು, ಕತ್ತಲಾದ ಮೇಲೆ ದನಿಗೈದ ಹುಳುಗಳು ಎಷ್ಟು ಬಗೆಯವು ಎಂಬುದನ್ನು ಯಾರಾದರೊಬ್ಬರು ಕನ್ನಡದಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದರೆ, ಆ ಬರಹವನ್ನು ಏನೆಂದು ಕರೆಯತಕ್ಕದ್ದು? ಅದು ಸಾಹಿತ್ಯವೊ, ಬರಿಯ ಲೆಕ್ಕವೊ? ಕನ್ನಡ ವಿಮರ್ಶೆಯು ನಿಸರ್ಗವರ್ಣನೆಯನ್ನು ಕುರಿತು ಬಹಳವಾಗಿ ಚರ್ಚಿಸಿದೆ. ನಿಸರ್ಗದ ದಾಖಲೆಯನ್ನು ಕುರಿತು ಅಷ್ಟಾಗಿ ಚರ್ಚಿಸಿಲ್ಲ. ವರ್ಣನೆಗೂ ದಾಖಲೆಗೂ ಇರುವ ಸಂಬಂಧವನ್ನು ವಿಚಾರಿಸದೆ ಹೋದರೆ, ಹಕ್ಕಿ-ಹುಳುಗಳನ್ನು ಕುರಿತ ಕನ್ನಡದ ಉತ್ತಮ ಬರಹಗಳ ಬೆಲೆಯನ್ನು ಕಟ್ಟುವುದೂ ಕಷ್ಟವಾಗುವುದು. ಬರೆಯದೆ ಉಳಿದುಹೋದ ನೆಲಗಳಿಗೆ ಆದ ನಷ್ಟವನ್ನು ಅಳೆಯುವುದೂ ಕಷ್ಟವಾಗುವುದು.

೨

ಹಕ್ಕಿ-ಹುಳುಗಳ ವಿಷಯದಲ್ಲಿ ಕನ್ನಡ ಕಾವ್ಯವು ಬಡವಾದುದೆಂದು ಯಾರೂ ಹೇಳಲಾರರು. ಹತ್ತನೆಯ ಶತಮಾನದ ಪಂಪನು ಬನವಾಸಿಯ ಸೊಬಗನ್ನು ಹೇಳುವಲ್ಲಿ, ಆ ನಾಡಿನಲ್ಲಿ ಮತ್ತೆ ಹುಟ್ಟುವುದಾದರೆ ಎಳೆಯ ದುಂಬಿಯ ಜನ್ಮವಾದರೂ ಕೋಗಿಲೆಯ ಜನ್ಮವಾದರೂ ಸಾಕೆಂಬ ಬಯಕೆಯನ್ನು ತಂದಿದ್ದಾನೆ. ಒಂದು ಹುಳು, ಒಂದು ಹಕ್ಕಿ; ಮನುಷ್ಯಜನ್ಮಕ್ಕೆ ಸರಿದೂಗುವ ಭಾಗ್ಯವನ್ನು ಈ ಎರಡರಲ್ಲಿ ಕಂಡ ಕವಿಯಿಂದಲೇ ಕನ್ನಡದ ಕಾವ್ಯಪರಂಪರೆಯು ಬೆಳೆದು ಬಂದಿದೆ. ಎರಡು ಶತಮಾನಗಳ ಬಳಿಕ ಅಕ್ಕಮಹಾದೇವಿಯು ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು ತನ್ನ ದೇವನ ಸುಳಿವನ್ನು ಕೇಳುವಳು. ಅಲ್ಲಿ ಅವು ಅಲಂಕಾರಗಳಲ್ಲ, ಸಾಕ್ಷಿಗಳು.

ಆದರೂ ಈ ಹಕ್ಕಿಗಳು ಯಾವ ತಿಂಗಳಲ್ಲಿ, ಯಾವ ಮರದಲ್ಲಿ, ಎಷ್ಟು ಸಂಖ್ಯೆಯಲ್ಲಿ ಇದ್ದುವೆಂದು ಕಾವ್ಯವು ಹೇಳುವುದಿಲ್ಲ. ಹೇಳಬೇಕೆಂದು ಕೇಳುವುದು ನ್ಯಾಯವೂ ಅಲ್ಲ. ಕವಿಯ ದುಂಬಿಯು ಸದಾ ಹೂವಿನ ಮೇಲಿರುವುದು. ಹಳೆಯ ಮನೆಯ ತೊಲೆಯನ್ನು ಗುಂಡಾಗಿ ಕೊರೆದು, ಆ ತೂತಿನಲ್ಲಿ ತನ್ನ ಸಂತಾನವನ್ನು ಬೆಳೆಸುವ ಕಪ್ಪು ದುಂಬಿಯನ್ನು ತೊಲೆಯವರೆಗೆ ಹಿಂಬಾಲಿಸಿಹೋದ ಹಳೆಯ ಕವಿಯನ್ನು ಹುಡುಕಬೇಕಾಗುವುದು. ಚಕೋರದ ಕಥೆಯು ಇನ್ನೂ ವಿಚಿತ್ರವಾದುದು. ಚಕೋರವೆಂಬ ಹಕ್ಕಿ ಹಿಮಾಲಯದ ಮತ್ತು ವಾಯವ್ಯ ದಿಕ್ಕಿನ ಬೆಟ್ಟಗಳದು. ಕರ್ಣಾಟಕದ ನೆಲದ ಮೇಲೆ ಅದು ಇಲ್ಲ. ಆದರೂ ಕನ್ನಡದ ಬೆಳುದಿಂಗಳಿನಲ್ಲಿ ಚಕೋರಕ್ಕೆ ಎಂದೂ ಬರಗಾಲ ಬಂದಿಲ್ಲ. ಕಾಣದ ಹಕ್ಕಿಯನ್ನು ಶತಮಾನಗಳ ಕಾಲ ಹಾಡಿದ ಕಾವ್ಯವು ದಿನವೂ ಕಾಣುತ್ತಿದ್ದ ಗೌಜಲಹಕ್ಕಿಗೆ ಆ ಭಾಗ್ಯವನ್ನು ಕೊಡಲಿಲ್ಲ.

ಇಷ್ಟರಿಂದ ಕವಿಸಮಯವೆಲ್ಲವೂ ಸುಳ್ಳೆಂದು ಹೇಳಿಬಿಡುವುದು ಆತುರದ ತೀರ್ಮಾನವಾದೀತು. ಚಾತಕವು ಮಳೆಯ ಹನಿಗಾಗಿ ಬಾಯ್ದೆರೆದು ಕಾಯುವುದೆಂಬುದು ಕಲ್ಪನೆ. ಆದರೆ ಆ ಜಾತಿಯ ಹಕ್ಕಿಗಳು ಆಫ್ರಿಕಾ ಖಂಡದಿಂದ ಮಳೆಗಾಲದ ಮೊದಲಲ್ಲಿ ಭಾರತಕ್ಕೆ ಬರುವುವೆಂಬುದು ನಿಜ. ಯಾರೋ ಒಬ್ಬನು, ಯಾವುದೋ ಕಾಲದಲ್ಲಿ, ವರ್ಷವರ್ಷವೂ ಈ ಹಕ್ಕಿಯ ಬರವನ್ನೂ ಮೋಡದ ಬರವನ್ನೂ ಒಟ್ಟಿಗೆ ಗಮನಿಸಿರಬೇಕು. ಕೋಗಿಲೆಗೆ 'ಪರಭೃತ'ವೆಂಬ ಹೆಸರನ್ನಿಟ್ಟವನು ಅದರ ಮರಿಯನ್ನು ಕಾಗೆಯ ಗೂಡಿನಲ್ಲಿ ಕಂಡವನೇ ಆಗಿರಬೇಕು. ಕವಿಸಮಯವೆಂದರೆ ತಾರೀಖು ಕಳೆದುಹೋದ ದಾಖಲೆ ಎನ್ನಬಹುದು. ಮೊದಲು ಕಂಡವನ ಕಣ್ಣು ಅದರಲ್ಲಿದ್ದಿತು. ಮುಂದೆ ಬಂದವರು ಆ ಕಣ್ಣಿನ ಫಲವನ್ನು ಮಾತ್ರ ಪಡೆದು ಕಣ್ಣನ್ನು ಬಿಟ್ಟರು. ದಾಖಲೆಯು ಕಾವ್ಯದ ಶತ್ರುವೆಂಬ ಭಾವನೆಗೆ ಇಷ್ಟೇ ಸಾಕಾದ ಉತ್ತರ.

೩

ಜನರ ಬಾಯಲ್ಲಿರುವ ಹೆಸರುಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಕಾಗೆ, ಗೂಗೆ, ಗುಮ್ಮ, ಟಿಟ್ಟಿಭ: ಇವು ಹಕ್ಕಿಯ ರೂಪವನ್ನಲ್ಲ, ದನಿಯನ್ನು ಹಿಡಿದಿಟ್ಟ ಹೆಸರುಗಳು. ಧ್ವನಿಯನ್ನು ಮುದ್ರಿಸುವ ಯಂತ್ರವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮುನ್ನ ಭಾಷೆಯೇ ಆ ಯಂತ್ರವಾಗಿದ್ದಿತು. ಹಾಗೆಯೇ ಹಾಲಕ್ಕಿಯ ನುಡಿಯನ್ನು ಕೇಳಿಬಂದೆನೆಂದು ಬುಡುಬುಡಿಕೆಯವನು ನಸುಕಿನಲ್ಲಿ ಮನೆಯ ಮುಂದೆ ನಿಂತು ಶಕುನವನ್ನು ಹೇಳುವಾಗ, ಹಕ್ಕಿಯ ದನಿಗೆ ಕಿವಿಗೊಡುವ ಒಂದು ಶಿಸ್ತು ಅವನ ವೃತ್ತಿಗೆ ಆಧಾರವಾಗಿರುವುದು. ಅವನು ಕೇಳುವುದು ಮನೆಯವರ ಮುಂದಿನ ಸುಖದುಃಖಗಳಿಗಾಗಿ, ಹಕ್ಕಿಗಾಗಿ ಅಲ್ಲ. ಕಾವ್ಯವು ಕೇಳಿದುದೂ ಬಹುಮಟ್ಟಿಗೆ ನಾಯಕನಾಯಿಕೆಯರ ವಿರಹಕ್ಕಾಗಿ. ಹಕ್ಕಿಯನ್ನು ಹಕ್ಕಿಗಾಗಿಯೇ, ಹುಳುವನ್ನು ಹುಳುವಿಗಾಗಿಯೇ ಕೇಳುವ ಕಿವಿ ಬೇರೊಂದು. ಆ ಕಿವಿಗೆ ಮೊದಲು ಬೇಕಾದುದು ಒಂದು ಎಲ್ಲೆ. ಇಂತಿಷ್ಟು ನೆಲ, ಇಂತಿಷ್ಟು ಕಾಲ ಎಂಬ ಕಟ್ಟು ಇಲ್ಲದೆ ಕೇಳಿದುದು ನೆನಪಾಗುವುದೇ ಹೊರತು ದಾಖಲೆಯಾಗುವುದಿಲ್ಲ. ನಡುಗಡ್ಡೆಗಳು ಪಕ್ಷಿಶಾಸ್ತ್ರದಲ್ಲಿ ಪಡೆದಿರುವ ಗೌರವಕ್ಕೆ ಇದೇ ಕಾರಣ.

ವಾಣಿವಿಲಾಸ ಸಾಗರವು ಕೋಡಿ ಬಿದ್ದ ಆ ೧೯೩೩ರಲ್ಲಿಯೇ, ವೇಲ್ಸ್ ದೇಶದ ಕರಾವಳಿಯ ಎದುರಿಗಿರುವ ಸ್ಕೋಕ್‌ಹೋಮ್ ಎಂಬ ಪುಟ್ಟ ದ್ವೀಪದಲ್ಲಿ ರೊನಾಲ್ಡ್ ಲಾಕ್ಲಿ ಎಂಬುವರು ಬ್ರಿಟನ್ನಿನ ಮೊದಲನೆಯ ಪಕ್ಷಿವೀಕ್ಷಣಾಲಯವನ್ನು ಸ್ಥಾಪಿಸಿದರು. ಸುತ್ತಲೂ ಸಮುದ್ರವಿದ್ದುದರಿಂದ ಬಂದ ಹಕ್ಕಿ ಯಾವುದು, ಹೋದ ಹಕ್ಕಿ ಯಾವುದೆಂಬುದನ್ನು ಅಲ್ಲಿ ಖಚಿತವಾಗಿ ಹೇಳಬಹುದಾಗಿದ್ದಿತು. ರಾತ್ರಿಯ ಕತ್ತಲಲ್ಲಿ ಮಾತ್ರ ಕೂಗುತ್ತ ನೆಲದ ಬಿಲಗಳಿಗೆ ಬಂದಿಳಿಯುವ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳ ಬಾಳನ್ನು ಲಾಕ್ಲಿಯವರು ವರ್ಷಗಟ್ಟಲೆ ಬಿಲದ ಬಾಯಲ್ಲಿ ಕುಳಿತು ಬರೆದಿಟ್ಟುಕೊಂಡರು. ೧೯೪೨ರಲ್ಲಿ ಹೊರಬಂದ ಅವರ ಪುಸ್ತಕವು ಶಾಸ್ತ್ರಜ್ಞರಿಗೆ ಎಷ್ಟು ಬೇಕಾಯಿತೊ ಸಾಮಾನ್ಯ ಓದುಗರಿಗೂ ಅಷ್ಟೇ ಬೇಕಾಯಿತು.

ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರವಾದ ನಿದರ್ಶನವೆಂದರೆ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಒಡಲಲ್ಲಿರುವ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ನದಿಗೆ ಕಟ್ಟಿಸಿದ ಅಣೆಯಿಂದ ರೂಪುಗೊಂಡುವೆಂದು ಹೇಳಲಾಗುವ ಕೆಲವು ತಿಟ್ಟುಗಳು ಅಲ್ಲಿವೆ. ಎಲ್ಲವೂ ಸೇರಿ ಒಂದು ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಮೈಸೂರು ಸಂಸ್ಥಾನದ ಆಶ್ರಯದಲ್ಲಿ ೧೯೩೯-೪೦ರಲ್ಲಿ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದ ಸಾಲಿಂ ಅಲಿಯವರು ಈ ತಿಟ್ಟುಗಳ ಮಹತ್ವವನ್ನು ಅರಿತು ಸಂಸ್ಥಾನದ ಗಮನಕ್ಕೆ ತಂದರು. ೧೯೪೦ರಲ್ಲಿ ಅದು ಪಕ್ಷಿಧಾಮವಾಯಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಇರುಳುಬಕ, ನೀರುಕಾಗೆ ಮೊದಲಾದುವು ಗೂಡು ಕಟ್ಟುವ ಈ ತಾಣವನ್ನು ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ. ರಂಗನತಿಟ್ಟಿನ ಹಕ್ಕಿಗಳನ್ನು ಸುತ್ತಲ ಊರಿನವರು ತಲೆತಲಾಂತರದಿಂದ ಬಲ್ಲವರೇ ಆಗಿದ್ದರು. ಆದರೆ ಬಲ್ಲ ಮಾತು ಬರೆದ ಮಾತಾದಾಗಲೇ ಅರಸರ ಆಜ್ಞೆಗೆ ಆಧಾರವಾಯಿತು. ಆ ತಿಟ್ಟಿನ ಮರಗಳು ಇಂದಿಗೂ ಕೊಡಲಿಗೆ ಸಿಕ್ಕದಿರುವುದಕ್ಕೆ ಹಕ್ಕಿಯ ಹೆಸರನ್ನು ಬರೆದ ಒಂದು ಪಟ್ಟಿಯೂ ಕಾರಣವೆನ್ನಲು ಅಡ್ಡಿಯಿಲ್ಲ.

ಸಮೀಕ್ಷೆಯ ಫಲವಾದ 'ಮೈಸೂರಿನ ಪಕ್ಷಿಗಳು' ಎಂಬ ಲೇಖನಮಾಲೆಯು ೧೯೪೨-೪೩ರಲ್ಲಿ ಮುಂಬಯಿಯ ಪ್ರಕೃತಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಜಾತಿ, ಸ್ಥಳ, ತಾರೀಖು, ಅಳತೆ, ಟಿಪ್ಪಣಿ ಎಂಬ ಕ್ರಮದಲ್ಲಿ ಸಾಗುವ ಇಂಥ ಬರಹವನ್ನು ಸಾಹಿತ್ಯವೆಂದು ಒಪ್ಪದವರು ಒಪ್ಪದಿರಲಿ. ಆದರೆ ಅದರಲ್ಲಿ ಒಂದು ಗುಣವುಂಟು: ಕಂಡುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಸಂಶಯವಿದ್ದೆಡೆ ಸಂಶಯವೆಂದೇ ಬರೆಯುವುದು. ಭಾಷೆಯನ್ನು ಈ ಮಿತಿಯಲ್ಲಿ ನಡೆಸುವುದು ಸುಲಭದ ವಿದ್ಯೆಯಲ್ಲ. ಉತ್ಸಾಹದ ಮಾತು ಸುಲಭವಾಗಿ ದೊರೆಯುವ ಸಾಹಿತ್ಯವಲಯದಲ್ಲಿ ಈ ಸಂಯಮವನ್ನು ಕಲಿಯಬೇಕಾದ ಅಗತ್ಯವು ಹೆಚ್ಚಾಗಿಯೇ ಇದೆ.

೪

ಹುಳುಗಳ ವಿಷಯದಲ್ಲಿಯೂ ಮೊದಲ ಬರಹಗಳು ಕನ್ನಡದ ನೆಲದಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬೆಳೆದುವು. ಉತ್ತರ ಕನ್ನಡ ಜಿಲ್ಲೆಯಲ್ಲಿ ಸರ್ಕಾರದ ಕೆಲಸದಲ್ಲಿದ್ದ ಡೇವಿಡ್ಸನ್, ಬೆಲ್, ಏಟ್ಕನ್ ಎಂಬ ಮೂವರು ಆ ಜಿಲ್ಲೆಯ ಪಾತರಗಿತ್ತಿಗಳನ್ನು ಕುರಿತು ೧೮೯೬-೯೭ರಲ್ಲಿ ಪ್ರಕಟಿಸಿದ ಲೇಖನಗಳು ಇಂದಿಗೂ ಪ್ರಮಾಣವೆನಿಸಿವೆ. ಹಿಡಿದ ಪಾತರಗಿತ್ತಿಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಯಾವ ಕಂಬಳಿಹುಳು ಯಾವ ಗಿಡದ ಎಲೆಯನ್ನು ತಿನ್ನುವುದೆಂಬುದನ್ನು ಅವರು ಸಾಕಿ ನೋಡಿ ಬರೆದರು. ಅವರಲ್ಲೊಬ್ಬರಾದ ಏಟ್ಕನ್ನರು 'ಈಹಾ' ಎಂಬ ಹೆಸರಿನಿಂದ ಮನೆಯಂಗಳದ ಹುಳುಹುಪ್ಪಟೆಗಳನ್ನು ಕುರಿತು ಹಾಸ್ಯದ ಪ್ರಬಂಧಗಳನ್ನೂ ಬರೆದರು. ಅವು ಇಂದಿಗೂ ಓದಲು ಹಿತವಾಗಿವೆ. ಆದರೆ ಅಂಗಳವನ್ನು ಗುಡಿಸುವವರು, ಕಾಡನ್ನು ತೋರಿಸಿದವರು, ಗಿಡದ ಹೆಸರನ್ನು ಹೇಳಿಕೊಟ್ಟವರು ಆ ಪ್ರಬಂಧಗಳಲ್ಲಿ ನಗೆಯ ವಸ್ತುಗಳಾಗಿ ಮಾತ್ರ ಬಂದುಹೋಗುವುದು ಆ ಕಾಲದ ಆಳುವವರ ದೃಷ್ಟಿಯ ದೋಷವಾಗಿದೆ. ಹುಳುವನ್ನು ಅಷ್ಟು ಹತ್ತಿರದಿಂದ ಕಂಡ ಕಣ್ಣು ಮನುಷ್ಯನನ್ನು ದೂರದಿಂದಲೇ ಕಂಡಿತು.

ಇದೇ ಕಾಲಕ್ಕೆ ಫ್ರಾನ್ಸ್ ದೇಶದಲ್ಲಿದ್ದ ಫಾಬರ್ ಎಂಬ ಬಡ ಉಪಾಧ್ಯಾಯರ ಮಾರ್ಗವು ಬೇರೆಯಾಗಿದ್ದಿತು. ಅವರು ೧೮೭೯ರಲ್ಲಿ ಸೆರಿಞಾನ್ ಎಂಬ ಹಳ್ಳಿಯ ಬಳಿ ಕಲ್ಲುಮುಳ್ಳುಗಳ ಒಂದು ತುಂಡು ಬೀಳುನೆಲವನ್ನು ಕೊಂಡರು. ಬೆಳೆಗೆ ಬಾರದ ನೆಲವಾದುದರಿಂದಲೇ ಅದು ಕಣಜಗಳಿಗೂ ಜೇಡಗಳಿಗೂ ಮಿಡತೆಗಳಿಗೂ ಒಪ್ಪುವ ನೆಲವಾಗಿದ್ದಿತು. ಗೋಡೆಯೊಳಗಿನ ಆ ನೆಲವೇ ಅವರ ದ್ವೀಪವಾಯಿತು. ೧೯೧೫ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದು, ಕೀಟಗಳ ಬಾಳನ್ನು ಹತ್ತು ಸಂಪುಟಗಳಲ್ಲಿ ಅವರು ಬರೆದರು. ಆ ಬರಹದಲ್ಲಿ ತಾರೀಖೂ ಇದೆ, ತಪ್ಪಿದ ಪ್ರಯೋಗವೂ ಇದೆ, ಕಾಯುವವನ ಬೇಸರವೂ ಇದೆ. ಶಾಸ್ತ್ರಜ್ಞರು ಅದನ್ನು ಶಾಸ್ತ್ರವೆಂದೂ ಸಾಹಿತಿಗಳು ಸಾಹಿತ್ಯವೆಂದೂ ಓದಿದರು. ಚಿತ್ರದುರ್ಗದ ಸೀಮೆಯವರು ಈ ಬೀಳುನೆಲದ ಮಾತನ್ನು ನೆನಪಿನಲ್ಲಿಡತಕ್ಕದ್ದು.

೫

ಇನ್ನು ದನಿಯ ಮಾತು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟರು ೧೭೮೯ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ನೋಡಲು ಒಂದೇ ತೆರನಾಗಿರುವ ಮೂರು ಪುಟ್ಟ ಹಕ್ಕಿಗಳನ್ನು ಹಾಡಿನ ಭೇದದಿಂದ ಬೇರೆಬೇರೆ ಜಾತಿಗಳೆಂದು ಗುರುತಿಸಿದರು. ಹೊಲದ ಚಿಮ್ಮಂಡೆಗಳ ಬಿಲವನ್ನೂ ದನಿಯನ್ನೂ ಅಷ್ಟೇ ಶ್ರದ್ಧೆಯಿಂದ ವರ್ಣಿಸಿದರು. ಅವರ ಬಳಿ ಯಂತ್ರವಿರಲಿಲ್ಲ; ಒಂದೇ ಊರಿನಲ್ಲಿ ಬಹುಕಾಲ ನೆಲಸಿದ ಕಿವಿ ಇದ್ದಿತು. ಸರಿಯಾಗಿ ನೂರು ವರ್ಷಗಳ ಬಳಿಕ, ೧೮೮೯ರಲ್ಲಿ, ಜರ್ಮನಿಯಲ್ಲಿ ಲುಡ್ವಿಗ್ ಕೋಖ್ ಎಂಬ ಬಾಲಕನು ಎಡಿಸನ್ನನ ಯಂತ್ರದ ಮೇಣದ ಉರುಳೆಯ ಮೇಲೆ ಹಕ್ಕಿಯ ಹಾಡೊಂದನ್ನು ಮುದ್ರಿಸಿದನು. ಇಂದು ತಿಳಿದಿರುವಂತೆ ಹಕ್ಕಿಯ ಹಾಡಿನ ಮುದ್ರಣಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಹಕ್ಕಿ ಯುರೋಪಿನದಲ್ಲ. ಪಂಜರದಲ್ಲಿದ್ದ ಶಾಮಾ ಹಕ್ಕಿ. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಹಾಡುವ ಅದೇ ಜಾತಿ. ಲೋಕದ ಮೊದಲ ಮುದ್ರಿತ ಹಕ್ಕಿಹಾಡು ಭಾರತದ ಕಾಡಿನದೆಂದು ಹೆಮ್ಮೆಪಡುವುದಕ್ಕಿಂತ ಆ ಹಕ್ಕಿ ಹಾಡಿದುದು ಪಂಜರದೊಳಗಿನಿಂದ ಎಂಬುದನ್ನು ನೆನೆಯುವುದು ಒಳ್ಳೆಯದು. ದನಿಯು ಉಳಿಯಿತು, ದನಿಗೆ ಸೇರಿದ ಕಾಡು, ಋತು, ಎದುರುದನಿ ಯಾವುದೂ ಉಳಿಯಲಿಲ್ಲ.

ಇಂದು ಅಂಗೈಯಲ್ಲಿ ಹಿಡಿಯುವ ದೂರವಾಣಿಯೇ ದನಿಯನ್ನು ಮುದ್ರಿಸುವುದು. ಹಾಡಿದ ಹಕ್ಕಿ ಯಾವುದೆಂದು ಊಹಿಸಿ ಹೇಳುವುದು. ಮುದ್ರಣವನ್ನು ಲೋಕದ ಭಂಡಾರಕ್ಕೆ ಸೇರಿಸುವುದು. ಈ ಸೌಲಭ್ಯವು ಬರಹವನ್ನು ಅನಾವಶ್ಯಕವಾಗಿ ಮಾಡಿತೆಂದು ಕೆಲವರು ತಿಳಿಯಬಹುದು. ಆದರೆ ಯಂತ್ರವು ತನ್ನ ಮುಂದೆ ಆದುದೆಲ್ಲವನ್ನೂ ಒಂದೇ ಸಮನಾಗಿ ಹಿಡಿಯುವುದು. ಮಿಡತೆಯ ದನಿ, ದೂರದ ಪಂಪುಸೆಟ್ಟಿನ ದನಿ, ಮುದ್ರಿಸುವವನ ಉಸಿರು, ಇವುಗಳಲ್ಲಿ ಯಾವುದು ಮುಖ್ಯವೆಂಬುದು ಅದಕ್ಕೆ ತಿಳಿಯದು. ಸ್ಥಳವನ್ನೂ ಹೊತ್ತನ್ನೂ ಯಂತ್ರವೇ ಗುರುತಿಸಿಕೊಂಡೀತು. ಆದರೆ ಹಿಂದಿನ ದಿನ ಮಳೆ ಬಂದಿದ್ದಿತು, ಹಕ್ಕಿಯು ಗೂಡಿನ ಬಳಿ ಹಾವನ್ನು ಕಂಡು ಕೂಗಿತು, ಹೋದ ವರ್ಷ ಈ ದನಿ ಇಲ್ಲಿ ಇರಲಿಲ್ಲ ಎಂಬ ಮಾತುಗಳನ್ನು ಮನುಷ್ಯನೇ ಸೇರಿಸಬೇಕು. ಮಾತಿಲ್ಲದ ಮುದ್ರಣವು ಅರ್ಧ ದಾಖಲೆ. ಆ ಉಳಿದ ಅರ್ಧವು ಗದ್ಯದ ಕೆಲಸ. ಆದಕಾರಣ ಸಾಹಿತ್ಯದ ಕೆಲಸ.

೬

ಆಧುನಿಕ ಕನ್ನಡವು ಈ ಕೆಲಸವನ್ನು ಎಷ್ಟುಮಟ್ಟಿಗೆ ಮಾಡಿದೆ? ಕುವೆಂಪು ಅವರಿಂದ ಕಾಜಾಣ, ಪಿಕಳಾರ, ಮಡಿವಾಳಗಳು ಕನ್ನಡ ಕಾವ್ಯಕ್ಕೆ ಹೆಸರು ಹಿಡಿದು ಬಂದುವು. ಹಕ್ಕಿ ಎಂಬ ಸಾಮಾನ್ಯವಾಚಕವು ಒಡೆದು ಒಂದೊಂದು ಹಕ್ಕಿಗೂ ತನ್ನತನ ಬಂದಿತು. ಶಿವರಾಮ ಕಾರಂತರು ೧೯೩೬ರ 'ಬಾಲಪ್ರಪಂಚ'ದಿಂದ ಮೊದಲುಮಾಡಿ ಜೀವಲೋಕದ ತಿಳಿವನ್ನು ಕನ್ನಡದಲ್ಲಿಯೇ ಹೇಳಬಹುದೆಂದು ತೋರಿಸಿಕೊಟ್ಟರು. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' (೧೯೭೬) ಸಸ್ಯಗಳ ಶಾಸ್ತ್ರೀಯ ನಾಮಗಳನ್ನು ಬಿಡದೆಯೇ ನಗಿಸಬಲ್ಲ ಗದ್ಯವನ್ನು ಕೊಟ್ಟಿತು. ಪಟ್ಟಿ ಮತ್ತು ಪ್ರಬಂಧಗಳ ಜಗಳವನ್ನು ಅಷ್ಟು ಚೆನ್ನಾಗಿ ತೀರಿಸಿದ ಪುಸ್ತಕಗಳು ಕನ್ನಡದಲ್ಲಿ ಅಪರೂಪ.

ಹಕ್ಕಿ-ಹುಳುಗಳ ಮಟ್ಟಿಗೆ ಈ ಪರಂಪರೆಯು ತನ್ನ ಎತ್ತರವನ್ನು ಮುಟ್ಟಿದುದು ಪೂರ್ಣಚಂದ್ರ ತೇಜಸ್ವಿಯವರಲ್ಲಿ. ಮೂಡಿಗೆರೆಯ ತೋಟದಲ್ಲಿ ನೆಲಸಿ, ಕ್ಯಾಮರಾ ಹಿಡಿದು ಹಕ್ಕಿಗಳ ಮುಂದೆ ಗಂಟೆಗಟ್ಟಲೆ ಕುಳಿತ ಅವರು 'ಕನ್ನಡ ನಾಡಿನ ಹಕ್ಕಿಗಳು' ಎಂಬ ಕೈಪಿಡಿಯಂಥ ಪುಸ್ತಕಗಳನ್ನೂ, 'ಪರಿಸರದ ಕತೆ' (೧೯೯೧) ಯಂಥ ಕಥನಗಳನ್ನೂ ಬರೆದರು. ಅವರ 'ಕರ್ವಾಲೊ' (೧೯೮೦) ಕಾದಂಬರಿಯು ದಾಖಲೆಯನ್ನೇ ವಸ್ತುವಾಗುಳ್ಳ ಕೃತಿಯೆನ್ನಬಹುದು. ಊರವರು ಹಗುರವಾಗಿ ಕಾಣುವ ಮಂದಣ್ಣನೊಳಗೆ ಹುಟ್ಟಿನಿಂದಲೇ ಬಂದ ವೀಕ್ಷಕನೊಬ್ಬನಿರುವನೆಂದು ಗುರುತಿಸುವುದು ವಿಜ್ಞಾನಿಯಾದ ಕರ್ವಾಲೊ. ಜೇನುಹುಳುವ ನೆಪದಿಂದ ಆರಂಭವಾದ ಕಥೆಯು ಹಾರುವ ಓತಿಯನ್ನು ಹುಡುಕುವ ಕಾಡಿನ ಯಾತ್ರೆಯಾಗಿ ಬೆಳೆಯುವುದು. ಕೊನೆಗೆ ಕಣ್ಣೆದುರಿಗೆ ಬಂದ ಓತಿಯು ಕೈಗೆ ಸಿಕ್ಕದೆ ಪ್ರಪಾತದ ಮೇಲೆ ತೇಲಿ ಮರೆಯಾಗುವುದು. ಈ ಮುಕ್ತಾಯವನ್ನು ಅಧ್ಯಾತ್ಮದ ಕಡೆಗೆ ಎಳೆದು ಅರ್ಥಮಾಡಿದವರುಂಟು. ಆದರೆ ಅದನ್ನು ಇನ್ನೂ ಸರಳವಾಗಿ ನೋಡಬಹುದು. ದಾಖಲೆ ಮಾಡುವವನ ನಿತ್ಯಾನುಭವವೇ ಅದು: ಜೀವಿಯು ಹೋಗುವುದು, ಬರಹವು ಉಳಿಯುವುದು. ಹೋದುದನ್ನು ಹೋಯಿತೆಂದು ಬರೆಯುವ ಪ್ರಾಮಾಣಿಕತೆಯಿಂದಲೇ ಆ ಕೃತಿಯು ದೊಡ್ಡದಾಯಿತು.

ಇಷ್ಟನ್ನು ಹೇಳಿದ ಮೇಲೆ ಎರಡು ಕೊರತೆಗಳನ್ನೂ ಹೇಳಬೇಕಾಗಿದೆ. ಒಂದನೆಯದು, ತೇಜಸ್ವಿಯವರ ಕಥನಗಳು ಕತೆಗಾರನ ಸ್ವಾತಂತ್ರ್ಯದಿಂದ ಕಾಲವನ್ನು ಸಡಿಲವಾಗಿ ಬಿಡುವುವು. ಕೈಪಿಡಿಗಳಾದರೆ ಗುರುತಿಸುವ ಉಪಯೋಗಕ್ಕೆ ಮೀಸಲಾಗಿವೆ. ಒಂದೇ ಸ್ಥಳವನ್ನು ವರ್ಷದ ಆದಿಯಿಂದ ಅಂತ್ಯದವರೆಗೆ ಹಿಂಬಾಲಿಸುವ ವೈಟರಂಥ, ಲಾಕ್ಲಿಯಂಥ ದಿನಚರಿಯ ಗದ್ಯವು ಈ ಎರಡರ ನಡುವೆ ಬಿಟ್ಟುಹೋಗಿದೆ. ಎರಡನೆಯದು ಲೇಖಕರ ದೋಷವಲ್ಲ, ಪರಂಪರೆಯ ದೋಷ. ಕುವೆಂಪು, ತೇಜಸ್ವಿ ಇಬ್ಬರದೂ ಮಲೆನಾಡು. ಕನ್ನಡದಲ್ಲಿ 'ಪ್ರಕೃತಿ' ಎಂದೊಡನೆ ಓದುಗರ ಮನಸ್ಸಿನಲ್ಲಿ ಹಸುರು ಕಾಡು, ಹರಿಯುವ ಹೊಳೆ, ಸುರಿಯುವ ಮಳೆ ಇವೇ ಮೂಡುವುವು. ಬಯಲುಸೀಮೆಗೂ ಒಂದು ಪ್ರಕೃತಿಯುಂಟೆಂಬುದನ್ನು ಸಾಹಿತ್ಯವು ಓದುಗರಿಗೆ ಇನ್ನೂ ಮನಗಾಣಿಸಿಲ್ಲ.

೭

ಚಿತ್ರದುರ್ಗ ಜಿಲ್ಲೆಗೆ ಸಮುದ್ರವಿಲ್ಲ; ಆದರೆ ದ್ವೀಪಗಳಿಗೆ ಕೊರತೆಯಿಲ್ಲ. ಒಣಬಯಲಿನ ನಡುವೆ ತಲೆಯೆತ್ತಿ ನಿಂತಿರುವ ಜೋಗಿಮಟ್ಟಿಯ ಸಾಲೂ ಕೋಟೆಯ ಕಲ್ಲುಗುಡ್ಡಗಳೂ ಜೀವಿಗಳ ದೃಷ್ಟಿಯಿಂದ ದ್ವೀಪಗಳೇ. ಸುತ್ತಲೂ ಹೊಲಗಳ ಬಯಲು, ನಡುವೆ ಬಂಡೆ, ಕುರುಚಲು, ನೆರಳು. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಕಾಣದ ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿಯುಂಟು. ಮಲೆನಾಡಿನ ಪಿಕಳಾರಕ್ಕೆ ಕಾವ್ಯದಲ್ಲಿ ದೊರೆತ ಸ್ಥಾನದ ನೂರರಲ್ಲೊಂದು ಪಾಲೂ ಅದಕ್ಕೆ ದೊರೆತಿಲ್ಲ. ಹೊಳಲ್ಕೆರೆಯ ಅಡಕೆ ತೋಟಗಳು ಬಯಲಿನ ನಡುವಣ ಹಸುರು ದ್ವೀಪಗಳು. ಬೇಸಗೆಯಲ್ಲಿ ಕೆರೆಗಳು ಬತ್ತುತ್ತ ಬರುವಾಗ ಅಂಗಳದಲ್ಲಿ ಉಳಿಯುವ ಗುಂಡಿಗಳೂ, ತುಂಬಿದಾಗ ನೀರಿನ ನಡುವೆ ಉಳಿಯುವ ಜಾಲಿಯ ತಿಟ್ಟುಗಳೂ ಅಂಥವೇ. ಹಿರಿಯೂರಿನ ಎರೆಹೊಲಗಳ ಅಂಚಿನಲ್ಲಿ ಗೌಜಲಹಕ್ಕಿಯೂ, ಬೀಳಿನಲ್ಲಿ ಟಿಟ್ಟಿಭವೂ, ತಂತಿಯ ಮೇಲೆ ನೀಲಕಂಠವೂ, ಸಂಜೆ ಮಿಡತೆಗಳ ಒಂದು ಗದ್ದಲವೇ ಇರುವುದನ್ನೂ ಅಲ್ಲಿ ನಡೆದವರೆಲ್ಲರೂ ಬಲ್ಲರು.

ಬಲ್ಲರು, ಆದರೆ ಬಲ್ಲ ಮಾತು ಬರಹವಾಗಬೇಕು. ಕುರಿ ಕಾಯುವ ಕಾಡುಗೊಲ್ಲರಿಗೂ ದನ ಮೇಯಿಸುವ ಮ್ಯಾಸಬೇಡರಿಗೂ ಯಾವ ಹಕ್ಕಿ ಯಾವ ಮಳೆಯ ನಕ್ಷತ್ರದಲ್ಲಿ ಮೊಟ್ಟೆಯಿಡುವುದು, ಯಾವ ಹುಳು ಹೊರಬಂದರೆ ಮಳೆ ಹತ್ತಿರ ಎಂಬ ತಿಳಿವು ಇದೆ. ಅವರ ಮಹಾಕಾವ್ಯಗಳನ್ನು ವಿದ್ವಾಂಸರು ಶ್ರದ್ಧೆಯಿಂದ ಬರೆದುಕೊಂಡಿದ್ದಾರೆ. ಹಾಡಿದವರ ಬಾಯಲ್ಲಿಯೇ ಇರುವ ಹಕ್ಕಿಯ ಹೆಸರುಗಳನ್ನೂ ಅಷ್ಟೇ ಶ್ರದ್ಧೆಯಿಂದ, ಹೇಳಿದ ಊರು, ತಿಂಗಳುಗಳ ಸಹಿತವಾಗಿ ಬರೆದುಕೊಂಡಲ್ಲಿ ಆ ಸಾಹಿತ್ಯಸೇವೆಯು ಪೂರ್ಣವಾಗುವುದು. ಏಟ್ಕನ್ನರ ದೋಷವು ಇಲ್ಲಿ ಮರುಕಳಿಸಬಾರದು. ಹೆಸರನ್ನು ಕೊಟ್ಟವನು ದಾಖಲೆಯಲ್ಲಿ ಗೌರವದಿಂದ ಉಳಿಯಬೇಕು.

ಕಾಲವು ಕಾಯುವುದಿಲ್ಲವೆಂಬುದಕ್ಕೆ ಬೆಟ್ಟಗಳೇ ಸಾಕ್ಷಿ. ಜಿಲ್ಲೆಯ ಗುಡ್ಡಸಾಲುಗಳ ಮೇಲೆ ಈ ಶತಮಾನದಲ್ಲಿ ಗಾಳಿಯಂತ್ರಗಳು ಎದ್ದುನಿಂತಿವೆ. ಅವು ಬೇಕಾದುವೆ ಬೇಡವಾದುವೆ ಎಂಬುದು ಈ ಲೇಖನದ ವಿಷಯವಲ್ಲ. ಅವು ಬರುವುದಕ್ಕೆ ಮುನ್ನ ಆ ಗುಡ್ಡದ ಮೇಲೆ ಬೆಳಗಿನ ಜಾವದಲ್ಲಿ ಏನು ಕೇಳುತ್ತಿದ್ದಿತು, ಬಂದ ಮೇಲೆ ಏನು ಕೇಳುತ್ತಿದೆ ಎಂದು ತೂಗಿ ನೋಡಬೇಕಾದರೆ ಮುಂಚಿನ ಬರಹವು ಕೈಯಲ್ಲಿರಬೇಕು. ಇಲ್ಲದಿದ್ದಲ್ಲಿ ಒಬ್ಬನು ನಷ್ಟವಾಯಿತೆನ್ನುವನು, ಇನ್ನೊಬ್ಬನು ಏನೂ ಆಗಲಿಲ್ಲವೆನ್ನುವನು. ಇಬ್ಬರ ಮಾತಿಗೂ ಪ್ರಮಾಣವಿರುವುದಿಲ್ಲ. ಸರ್ಕಾರದ ಕಾಗದಗಳಲ್ಲಿ 'ಬೀಳು' ಎಂಬ ಒಂದೇ ಮಾತಿನಿಂದ ಕರೆಸಿಕೊಳ್ಳುವ ನೆಲದಲ್ಲಿ ಫಾಬರರು ಹತ್ತು ಸಂಪುಟಗಳನ್ನು ಕಂಡರೆಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ನೆಲವನ್ನು ಬೀಳೆಂದು ಕರೆಯುವುದು ಸುಲಭವಾಗುವುದು ಅಲ್ಲಿ ಇರುವವರ ಹೆಸರುಗಳು ಬರೆದಿರದಿದ್ದಾಗ ಮಾತ್ರ.

ಪಟ್ಟಿಯೆಲ್ಲವೂ ಸಾಹಿತ್ಯವೆಂದು ಇಲ್ಲಿ ವಾದಿಸುತ್ತಿಲ್ಲ. ಹೆಸರು, ಸಂಖ್ಯೆಗಳ ಸಾಲು ಎಷ್ಟು ಉದ್ದವಾದರೂ ತಾನಾಗಿ ಕೃತಿಯಾಗದು. ಆದರೆ ಒಂದು ಸ್ಥಳಕ್ಕೆ ಕಟ್ಟುಬಿದ್ದು, ಕಂಡಷ್ಟನ್ನೇ ಹೇಳಿ, ತಿಳಿಯದುದನ್ನು ತಿಳಿಯದೆಂದು ಒಪ್ಪಿ, ಹೇಳಿಕೊಟ್ಟವರನ್ನು ಮರೆಯದೆ ಬರೆದ ದಿನಚರಿಯು ವರ್ಷಗಳು ಕಳೆದಂತೆ ಸಾಹಿತ್ಯದ ತೂಕವನ್ನು ಪಡೆಯುವುದೆಂಬುದಕ್ಕೆ ಮೇಲಿನ ನಿದರ್ಶನಗಳೇ ಪ್ರಮಾಣ. ಅದಕ್ಕೆ ದೊಡ್ಡ ಪ್ರತಿಭೆಯು ಬೇಕೆಂದಿಲ್ಲ. ಕೆರೆಯ ಒಂದು ತಿಟ್ಟು, ಶಾಲೆಯ ಉಪಾಧ್ಯಾಯರೊಬ್ಬರು, ಒಂದು ನೋಟುಪುಸ್ತಕ, ಹತ್ತು ವರ್ಷಗಳ ತಾಳ್ಮೆ, ಇಷ್ಟಿದ್ದರೆ ಸಾಕು. ವಿಮರ್ಶಕರು ಮಾಡಬೇಕಾದುದು ಅಂಥ ಬರಹವು ಬಂದಾಗ ಅದನ್ನು ಸಾಹಿತ್ಯದ ಬಾಗಿಲಲ್ಲಿ ತಡೆಯದಿರುವುದು.

ವಾಣಿವಿಲಾಸ ಸಾಗರವು ೨೦೨೫ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಿತು. ನೀರಿನ ಮಟ್ಟವನ್ನು ಬರೆಯುವವರು ಅದನ್ನು ತಪ್ಪದೆ ಬರೆದುಕೊಂಡಿರುವರು. ಆ ನೀರಿನ ಅಂಚಿಗೆ ಅಂದು ಬಂದಿಳಿದವರ ಹೆಸರುಗಳನ್ನು ಬರೆಯುವ ಪುಸ್ತಕವನ್ನು ಈ ಜಿಲ್ಲೆಯ ಸಾಹಿತ್ಯಾಸಕ್ತರಲ್ಲಿ ಯಾರಾದರೊಬ್ಬರು ತೆರೆದಲ್ಲಿ, ಮುಂದಿನ ಕೋಡಿಯ ಕಾಲಕ್ಕೆ ಕನ್ನಡವು ಎರಡು ಲೆಕ್ಕಗಳನ್ನು ಹೇಳಬಲ್ಲದು.